ಜೋಳದ ಎಲೆ ಒರೆಸಿದವಳು

ದಂಡೋತಿಯಿಂದ ಚಿತ್ತಾಪುರದ ಕಡೆಗೆ ಹೊರಟರೆ, ಊರು ದಾಟಿದ ಮೇಲೆ ರಸ್ತೆಯ ಎಡಕ್ಕೆ ಎರಡು ಎಕರೆಯ ಎರೆಹೊಲವೊಂದು ಸಿಗುತ್ತದೆ. ಊರಿನವರು ಅದನ್ನು ಸುಣ್ಣದ ಹೊಲ ಎನ್ನುತ್ತಾರೆ. ಆ ರಸ್ತೆಯಲ್ಲಿ ಹಗಲಿಡೀ ಕಲ್ಲಿನ ಲಾರಿಗಳು ಓಡಾಡುತ್ತವೆ. ಅವುಗಳ ಹಿಂದೆ ಎದ್ದ ಬಿಳಿ ಧೂಳು ತುಸು ಹೊತ್ತು ಗಾಳಿಯಲ್ಲಿ ನಿಂತು ಆಮೇಲೆ ಆ ಹೊಲದ ಮೇಲೆ ಇಳಿಯುತ್ತದೆ. ದೀಪಾವಳಿಯ ಹೊತ್ತಿಗೆ ಅಲ್ಲಿಯ ಜೋಳಕ್ಕೆ ಹಸಿರು ಬಣ್ಣವೇ ಇರುವುದಿಲ್ಲ. ಹಿಟ್ಟಿನ ಗಿರಣಿಯಿಂದ ಈಗಷ್ಟೇ ಹೊರಬಂದ ಮನುಷ್ಯನ ಹಾಗೆ ನಿಂತಿರುತ್ತದೆ.

ಆ ಹೊಲ ಮಾಡುತ್ತಿದ್ದವಳು ನನ್ನ ಗೆಳತಿ ದಾನಮ್ಮ. ಹೋದ ಭಾದ್ರಪದದಲ್ಲಿ ತೀರಿಕೊಂಡಳು. ಐವತ್ತೆರಡು ವರ್ಷ. ಇಪ್ಪತ್ತಾರು ವರ್ಷದ ಗೆಳೆತನವನ್ನು ಎಲ್ಲಿಂದ ಬರೆಯುವುದೆಂದು ತಿಳಿಯದೆ ಎರಡು ತಿಂಗಳು ಸುಮ್ಮನಿದ್ದೆ. ಈಗ ಒಂದೇ ಒಂದು ಹಿಂಗಾರಿಯ ಕಥೆ ಬರೆಯುತ್ತೇನೆ. ಆಕೆ ಎಂಥವಳೆಂದು ತಿಳಿಯಲು ಅಷ್ಟು ಸಾಕು.

ನಾನು ದಂಡೋತಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆಗಿ ಬಂದಾಗ ಬಾಡಿಗೆಗೆ ಹಿಡಿದ ಮನೆ ಅವರ ಮನೆಗೆ ಹೊಂದಿಕೊಂಡಿತ್ತು. ದಾನಮ್ಮನ ತವರು ಚಿಂಚೋಳಿಯ ಕಡೆ. ಸಿಟ್ಟು ಬಂದರೆ ನಾಲಿಗೆಯ ಮೇಲೆ ತೆಲುಗು ಮಾತು ಬರುತ್ತಿತ್ತು, ಆಮೇಲೆ ತಾನೇ ನಗುತ್ತಿದ್ದಳು. ಓದಿದ್ದು ಏಳನೆಯ ತರಗತಿ. ಮದುವೆಯಾದ ಒಂಬತ್ತನೆಯ ವರ್ಷಕ್ಕೆ ಗಂಡ ಹೋದ. ಮಕ್ಕಳಿರಲಿಲ್ಲ. ಗಂಡನ ಅಣ್ಣ ರೇವಣಸಿದ್ದಯ್ಯನವರ ಮನೆಯಲ್ಲೇ ಉಳಿದಳು. ಜಂಗಮರ ಮನೆ, ನಾಲ್ಕು ಜನ ಬಂದು ಹೋಗುವ ಮನೆ. ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ಆ ಮನೆಯಲ್ಲಿ ಏನು ಬೇಯಬೇಕು, ಯಾರು ಎಲ್ಲಿಗೆ ಹೋಗಬೇಕು ಎನ್ನುವುದೆಲ್ಲ ಬೇರೆಯವರ ಬಾಯಲ್ಲಿತ್ತು. ದಾನಮ್ಮನ ಮಾತು ನಡೆಯುತ್ತಿದ್ದುದು ಸುಣ್ಣದ ಹೊಲದಲ್ಲಿ ಮಾತ್ರ. ಧೂಳಿನ ಹೊಲವೆಂದು ಯಾರಿಗೂ ಬೇಡವಾಗಿತ್ತು, ಆಕೆಗೆ ಬಿಟ್ಟಿದ್ದರು. ಎಂದು ಬಿತ್ತಬೇಕು, ಎಂದು ಎಡೆ ಹೊಡೆಸಬೇಕು ಎಂದು ಆಕೆ ಹೇಳಿದ ಹಾಗೆ ಅಲ್ಲಿ ಆಗುತ್ತಿತ್ತು.

ದೂರದ ಖಣಿಗಳ ಲಾರಿಗಳು ಮೊದಲಿನಿಂದಲೂ ಇದ್ದವು. ಎರಡು ವರ್ಷದ ಹಿಂದೆ ರಸ್ತೆಯ ಆಚೆ ಬದಿಗೇ ಫರಸಿ ಕಲ್ಲಿನ ಖಣಿ ಶುರುವಾಯಿತು. ನಮ್ಮ ಕಡೆಯ ಮನೆಗಳಿಗೆಲ್ಲ ನೆಲಕ್ಕೆ ಹಾಸುವ, ಕೆಲವು ಮನೆಗಳಿಗೆ ಮಾಳಿಗೆಗೂ ಹೊದಿಸುವ ಚಪ್ಪಟೆ ಕಲ್ಲು ಅದು. ಖಣಿಯವರ ಕಣ್ಣು ಸುಣ್ಣದ ಹೊಲದ ಮೇಲೆ ಬಿತ್ತು. ಕೆಳಗೆ ಒಳ್ಳೆಯ ಕಲ್ಲಿದೆ ಎಂದು ಅವರಿಗೆ ಅಂದಾಜಿತ್ತು. ಪಹಣಿ ರೇವಣಸಿದ್ದಯ್ಯನವರ ಹೆಸರಲ್ಲಿತ್ತು. ಅವರು ಕೆಟ್ಟವರಲ್ಲ, ದುಡುಕಿನವರೂ ಅಲ್ಲ. ಹೋದ ವರ್ಷದ ನಾಗರಪಂಚಮಿಯ ದಿನ ನಾನು ಅವರ ಪಡಸಾಲೆಯಲ್ಲಿ ಉಂಡಿ ತಿನ್ನುತ್ತಾ ಕುಳಿತಿದ್ದಾಗಲೇ ಆ ಮಾತು ಆಡಿದರು.

"ದಾನವ್ವಾ, ಈ ಹಿಂಗಾರಿ ಒಂದು ನೋಡತೀನಿ. ಧೂಳಿಲ್ಲದ ನನ್ನ ಒಳಹೊಲದಂಥ ತೆನಿ ಬಂದ್ರ ಹೊಲ ನಿನ್ನ ಬಲ್ಲೇ ಇರಲಿ. ಬರಲಿಲ್ಲಂದ್ರ ಯುಗಾದಿಗಿ ಖಣಿಯವರಿಗಿ ಬರಕೊಡತೀನಿ. ನಿನಗೂ ಎಷ್ಟು ದಿನ ಈ ಧೂಳು ಕುಡಿಯೋದು? ಮನ್ಯಾಗ ಆರಾಮ ಕುಂದ್ರು."

"ಕುಂತು ಏನ ಮಾಡಲಿ ಭಾವೋರ?"

"ಏನ ಮಾಡಬೇಕು? ಎಲ್ಲರೂ ಕುಂದ್ರಂಗಿಲ್ಲೇನು?"

ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಕೇಳಿದಳು: "ಆ ಹೊಲಾನೂ ಹೋದ್ರ ನಾ ಎಲ್ಲಿ ಹೋಗಲಿ ಶೈಲಾ? ನಿಮ್ಮ ಸಾಲ್ಯಾಗ ಗಂಟಿ ಹೊಡೀಲೇನು?" ನಗುತ್ತಲೇ ಕೇಳಿದಳು. ಆ ನಗು ನನಗೆ ಸರಿ ಕಾಣಲಿಲ್ಲ.

ಆ ವರ್ಷ ಹಸ್ತ ಮಳೆ ಹದವಾಗಿ ಆಯಿತು, ಜೋಳ ಚೆನ್ನಾಗಿ ಹುಟ್ಟಿತು. ಇಪ್ಪತ್ತು ದಿನದ ಪೈರಾದಾಗ ಒಂದು ಸಂಜೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ಅರ್ಧ ಲೀಟರಿನ ಬಿಳಿ ಬಾಟಲಿ. ನ್ಯಾನೊ ಯೂರಿಯಾ.

"ಇದರಾಗ ನಲವತ್ತೈದು ಕಿಲೋದ ಚೀಲ ಅದ ಅಂತ ಸೇಡಂನ ಅಂಗಡಿಯಂವ ಹೇಳಿದ. ಖರೆನಾ? ಹಂಗಿದ್ರ ಒಂದು ಗುಳಿಗ್ಯಾಗ ಹೋಳಿಗಿ ಊಟಾನೂ ಕೊಡ್ರಿ ಅಂತ ಹೇಳಿ ಬಂದೀನಿ."

"ಚೀಲ ತುಂಬಿಲ್ಲ. ಗೊಬ್ಬರಾನ ಭಾಳ ಸಣ್ಣದು ಮಾಡ್ಯಾರ, ಅಷ್ಟೇ."

"ಎಷ್ಟು ಸಣ್ಣದು?"

ನಾನು ಡಬ್ಬಿಯಿಂದ ಒಂದು ಜೋಳದ ಕಾಳು ತೆಗೆದು ಅವಳ ಅಂಗೈಯಲ್ಲಿಟ್ಟೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೊಮೀಟರ್ ಎನ್ನುತ್ತಾರೆ. ಈ ಬಾಟಲಿಯ ಕಣಗಳು ಅಂಥ ಮೂವತ್ತು ಪಾಲಿನಷ್ಟು, ಹೆಚ್ಚೆಂದರೆ ಐವತ್ತು. ಈ ಕಾಳಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅವನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಒಂದು ಲಕ್ಷಕ್ಕೂ ಮಿಗಿಲಾಗಿ ನಿಲ್ಲುತ್ತವೆ ಎಂದೆ. ಅವಳು ಕಾಳನ್ನು ಕಣ್ಣಿನ ಹತ್ತಿರ ಹಿಡಿದಳು.

"ಲಕ್ಷ ಮಂದಿ," ಎಂದಳು ಮೆಲ್ಲಗೆ. "ಒಂದು ಕಾಳಿನ ಮ್ಯಾಲ." ಆಮೇಲೆ ತಲೆ ಎತ್ತಿದಳು. "ಕಣ್ಣಿಗಿ ಕಾಣಂಗಿಲ್ಲಂದ್ರ, ಬಾಟ್ಲಿನಾಗ ಅದಾವಂತ ಹ್ಯಾಂಗ ಗೊತ್ತಾತು?"

ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದ್ದೇನೆ, ಯಾವ ಮಕ್ಕಳೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಬಿಟ್ಟು ನೋಡುವ ಯಂತ್ರಗಳಿವೆ, ಅವುಗಳಲ್ಲಿ ಕಾಣುತ್ತವೆ ಎಂದೆ. ಒಪ್ಪಿದಳು, ಪೂರ್ತಿ ಅಲ್ಲ. ಈ ಗೊಬ್ಬರದ ವಿಷಯದಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಕೆಲವು ಪ್ರಯೋಗಗಳಲ್ಲಿ ಒಳ್ಳೆಯದಾಗಿದೆ, ಕೆಲವುಗಳಲ್ಲಿ ಇಳುವರಿ ಕಡಿಮೆಯಾಗಿದೆ ಎಂಬುದನ್ನೂ ಹೇಳಿದೆ.

"ಅದು ಇರಲಿ. ಈಗ ಮ್ಯಾಲಿನ ಮಣ್ಣು ಒಣಗ್ಯದ. ಚೀಲದ ಗೊಬ್ಬರ ಸುರದ್ರ ಅಲ್ಲೇ ಕುಂದರತದ, ಮಳಿ ಬರೂತನಕ ಕರಗಂಗಿಲ್ಲ. ಹಿಂಗಾರ್ಯಾಗ ಮಳಿ ಎಲ್ಲಿಂದ ತರಲಿ? ಇದು ಎಲಿಗಿ ಹೊಡಿಯೋದಲ್ಲ? ಎಲಿಯಿಂದ ಒಳಗ ಹೋದ್ರ ಸಾಕು."

ಅವಳ ಲೆಕ್ಕ ಸರಿಯಾಗಿತ್ತು. ಮರುದಿನ ಬೆನ್ನಿಗೆ ಪಂಪು ಕಟ್ಟಿಕೊಂಡು ತಾನೇ ಎರಡು ಎಕರೆಗೂ ಹೊಡೆದಳು.

ಹನ್ನೆರಡು ದಿನ ಕಾದಳು. ಏನೂ ಆಗಲಿಲ್ಲ. ಪೈರು ಮೊದಲಿನ ಹಾಗೆಯೇ ಬಿಳಿಚಿಕೊಂಡು ನಿಂತಿತ್ತು. ಎದುರುಮನೆಯ ನೀಲಾಬಾಯಿ ಕಟ್ಟೆಯ ಮೇಲೆ ಕುಳಿತು ಕೂಗಿ ಕೇಳಿದಳು: "ಏನ ದಾನವ್ವಾ, ಜ್ವಾಳಕ್ಕ ಅತ್ತರ ಹೊಡದಿ ಅಂತಲ್ಲ! ಮದಿವಿ ಯಾವಾಗ?"

"ನಿನ್ನ ಕರೀಲಾರದ ಮಾಡತೀನೇನು? ಮೊದಲ ಆಯಾರದ ಸೀರಿ ರೆಡಿ ಮಾಡು," ಎಂದಳು ದಾನಮ್ಮ. ಆದರೆ ಆ ಸಂಜೆ ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕುಳಿತವಳು ಚಹಾ ಆರಿದರೂ ಮುಟ್ಟಲಿಲ್ಲ. ರೇವಣಸಿದ್ದಯ್ಯನವರು ಹೊಲ ನೋಡಿ ಬಂದಿದ್ದರಂತೆ. ಏನೂ ಅನ್ನಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದಳು.

"ಎಲಿಯಿಂದ ಒಳಗ ಹೋಗತದ ಅಂತಾರಲ್ಲ. ಎಲ್ಲಿಂದ ಹೋಗತದ? ಎಲಿಗಿ ಬಾಯಿ ಅದ ಏನು?"

"ಅದಾವ."

"ತೋರಸು."

ಆ ಭಾನುವಾರ ಶಾಲೆಯ ಬೀಗ ತೆಗೆಸಿದೆ. ನಮ್ಮ ಪ್ರಯೋಗಶಾಲೆಯಲ್ಲಿ ಇರುವುದು ಒಂದೇ ಸೂಕ್ಷ್ಮದರ್ಶಕ. ಎಲೆಯ ಬಾಯಿಗಳನ್ನು, ಎಂದರೆ ಪತ್ರರಂಧ್ರಗಳನ್ನು ನೋಡಲು ಒಂದು ಸುಲಭದ ಉಪಾಯವಿದೆ: ಎಲೆಗೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಆ ಪೊರೆಯನ್ನು ಅಂಟುಪಟ್ಟಿಯಿಂದ ಎತ್ತಿ ಗಾಜಿನ ಮೇಲೆ ಕೂರಿಸುವುದು. ಎಲೆಯ ಅಚ್ಚು ಅದರಲ್ಲಿ ಮೂಡಿರುತ್ತದೆ. ಚಿತ್ತಾಪುರದ ಬಳೆ ಅಂಗಡಿಯಿಂದ ಶೀಶೆ ತಂದಿದ್ದೆ.

"ಅಯ್ಯ ನಮ್ಮವ್ವ! ಈ ವಯಸ್ಸಿನ್ಯಾಗ ಟೀಚರ್‌ಗಿ ನೇಲ್ ಪಾಲೀಶ!" ಎಂದು ಬಾಯಿಗೆ ಸೆರಗು ಒತ್ತಿ ನಕ್ಕಳು.

"ನನಗಲ್ಲ, ನಿನ್ನ ಜ್ವಾಳಕ್ಕ."

"ಅತ್ತರಾತು, ಈಗ ಪಾಲೀಶ. ನೀಲವ್ವ ಹೇಳಿದ್ದು ಖರೆ ಆತು, ಮದಿವೀನೇ ಮಾಡೋಣ."

ಅವಳು ಎರಡು ಎಲೆ ತಂದಿದ್ದಳು. ಹೊಲದಿಂದ ಕಿತ್ತ ಹಾಗೆಯೇ ಒಂದು. ಇನ್ನೊಂದನ್ನು ನಾನು ನೀರಿನಲ್ಲಿ ತೊಳೆದು ಒರೆಸಿದೆ. ಮೊದಲು ತೊಳೆದ ಎಲೆಯ ಅಚ್ಚನ್ನು ಇಟ್ಟು, ಬೆಳಕು ಸರಿಮಾಡಿ, ನೋಡು ಎಂದೆ. ಅವಳು ಒಂದು ಕಣ್ಣು ಮುಚ್ಚಲಾರದೆ ಅಂಗೈಯಿಂದ ಒತ್ತಿ ಹಿಡಿದುಕೊಂಡು ಬಾಗಿದಳು.

ಕಿಟಕಿಯಾಚೆ ಯಾವುದೋ ಲಾರಿ ಹೋಯಿತು. ನಾನು ಕಾದೆ. ಕೊನೆಗೆ ತಲೆ ಎತ್ತದೆಯೇ ಹೇಳಿದಳು:

"ಶೈಲಾ, ಇದರ ಮ್ಯಾಲ ಯಾರೋ ಕೂರಿಗಿ ಹೊಡದಾರ!"

ಹುಲ್ಲಿನ ಜಾತಿಯ ಎಲೆಗಳಲ್ಲಿ ಪತ್ರರಂಧ್ರಗಳು ಸಾಲಾಗಿ ಇರುತ್ತವೆ. ಅದನ್ನು ನಾನು ನೂರಾರು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಸಮ ಅಂತರದಲ್ಲಿ, ಒಂದೇ ದಿಕ್ಕಿಗೆ ಎಳೆದ ಆ ಸಾಲುಗಳು ಕೂರಿಗೆಯಲ್ಲಿ ಬಿತ್ತಿದ ಹೊಲದಂತಿವೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳನ್ನು ಸರಿಸಿ ನಾನೂ ನೋಡಿದೆ. ನಿಜವಾಗಿಯೂ ಅದೊಂದು ಹೊಲವಾಗಿತ್ತು. ಕಾಳು ಬಿದ್ದ ಜಾಗದಲ್ಲೆಲ್ಲ ಒಂದೊಂದು ಪುಟ್ಟ ಸೀಳುಬಾಯಿ. ನಾವು ಹೊಲದಲ್ಲಿ ಜೋಳ ಬಿತ್ತುತ್ತೇವೆ. ಜೋಳದ ಎಲೆಯಲ್ಲಿ ಇನ್ನೊಂದು ಹೊಲ, ಅದನ್ನು ಬಿತ್ತಿದವರು ಯಾರೋ.

"ಬಾಟ್ಲಿನಾಗಿನವು ಈ ಬಾಯಾಗ ಹೋಗತಾವೇನು?"

"ಹೋಗತಾವ. ಬಾಯಿ ತೆರದಾಗ ಊರ ಅಗಸಿ ಬಾಗಲ ಇದ್ದಂಗ. ಮೂವತ್ತು ನಲವತ್ತು ಕಣ ಒಂದರ ಬಾಜು ಒಂದು ನಡಕೊಂತ ಹೋಗಬಹುದು."

ಆಮೇಲೆ ತೊಳೆಯದ ಎಲೆಯ ಅಚ್ಚು ಇಟ್ಟೆ. ಸಾಲುಗಳೇ ಕಾಣಲಿಲ್ಲ. ಬೂದು ಬಣ್ಣದ, ಅಂಚು ಮುರಿದ ಬಂಡೆಗಳು ಒಂದರ ಮೇಲೊಂದು ಬಿದ್ದಿದ್ದವು. ದಾನಮ್ಮ ಅದನ್ನು ನೋಡಿ ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತಳು.

"ಅಗಸ್ಯಾಗ ಫರಸಿ ಬಿದ್ದಾವ," ಎಂದಳು. "ಊಟಕ್ಕ ಕರದು ಬಾಗಲಕ್ಕ ಬಂಡಿಗಲ್ಲು ಇಟ್ಟಂಗಾತು. ನಾನೇ ಇಟ್ಟೀನಿ."

ಯಾಕೆ ಹಾಗೆ ಅಂದಳೆಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಪೈರಿಗೆ ಹುಳ ಬೀಳದಿರಲೆಂದು ಒಲೆಯ ಬೂದಿ ಎರಚುವ ರೂಢಿಯಿದೆ. ರಸ್ತೆಯ ಪಕ್ಕದ ಹೊಲದವರು ಈ ಸುಣ್ಣದ ಧೂಳನ್ನೂ ಅದೇ ಲೆಕ್ಕಕ್ಕೆ ಹಿಡಿದುಬಿಟ್ಟಿದ್ದರು: ಧೂಳು ಕುಳಿತರೆ ಹುಳ ಕೂರುವುದಿಲ್ಲ, ಬಿಟ್ಟಿ ಔಷಧ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಎಲೆ ಝಾಡಿಸಿದರೆ ದಾನಮ್ಮನೇ ಗದರಿಸುತ್ತಿದ್ದಳು. ಇಷ್ಟು ವರ್ಷ ಆ ಧೂಳನ್ನು ಕಾಪಾಡಿಕೊಂಡು ಬಂದವಳು ಅವಳೇ. ಸಿಂಪಡಿಸಿದ ಗೊಬ್ಬರವೂ ಎಲೆಗೆ ಬೀಳಲಿಲ್ಲ, ಆ ಬಿಳಿ ಹೊದಿಕೆಗೆ ಬಿದ್ದು ಒಣಗಿತು.

"ತೊಳದ್ರ ಆತಲ್ಲ," ಎಂದೆ.

"ಎರಡು ಎಕರೆ ತೊಳೀಲಿಕ್ಕ ಕಾಗಿಣಾ ಹೊಳಿ ಹೊತ್ಕೊಂಡು ಬರಬೇಕಾಗತದ ಟೀಚರ."

ನಾನು ಗಾಜುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದೆ. ಅವಳು ಒರೆಸುವ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ತಟ್ಟನೆ ಕೇಳಿದಳು: "ನಮ್ಮವ್ವ ಕಡ್ಲಿ ಹುಳಿ ತೆಗೀತಿದ್ದಳು, ನಿನಗ ಹೇಳೀನೇನು?"

ಹೇಳಿದ್ದಳು. ಅವಳ ತವರಿನ ಕಡೆ ಕಡಲೆಹೊಲದ ಮೇಲೆ ಬೆಳಗಿನ ಜಾವ ತೆಳ್ಳನೆಯ ಬಿಳಿ ಬಟ್ಟೆ ಹಾಸುತ್ತಾರೆ. ಕಡಲೆಗಿಡದ ಹುಳಿ ಇಬ್ಬನಿಯಲ್ಲಿ ಬೆರೆತು ಬಟ್ಟೆಗೆ ಹೀರಿಕೊಳ್ಳುತ್ತದೆ. ಹಿಂಡಿ ಶೀಶೆಗೆ ತುಂಬಿಟ್ಟು ಹೊಟ್ಟೆನೋವಿಗೆ ಒಂದು ಚಮಚೆ ಕುಡಿಸುತ್ತಾರೆ. ಚಿಕ್ಕವಳಿದ್ದಾಗ ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದುದು ಅವಳೇ.

"ನೀರು ಹೊರೂದು ಯಾಕ? ದೇವರು ದಿನಾ ಮುಂಜಾನಿ ಎಲಿಮ್ಯಾಲ ತಂದು ಇಟ್ಟಿರತಾನ. ಒರಸೋದಷ್ಟೇ ನಮ್ಮ ಕೆಲಸ."

ದೀಪಾವಳಿ ಮುಗಿದ ವಾರ. ಇಬ್ಬನಿ ಜೋರಾಗಿ ಬೀಳುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಸುಣ್ಣದ ಹೊಲದ ಬದುವಿನ ಮೇಲಿದ್ದೆವು. ಜೋಳ ಸೊಂಟದೆತ್ತರ ಬಂದಿತ್ತು. ಅವಳು ಕಂಕುಳಿಂದ ಒಂದು ಅಚ್ಚಬಿಳಿಯ ಧೋತರ ತೆಗೆದಳು.

"ಇದು ಯಾರದೇ?"

"ಭಾವೋರದು. ಹಗ್ಗದ ಮ್ಯಾಲ ಇತ್ತು. ಹೊಲ ಯಾರ ಹೆಸರಿನ್ಯಾಗದ? ಧೋತರಾನೂ ಅವರದೇ ಇರಲಿ."

ಅವಳು ಒಂದು ತುದಿ, ನಾನೊಂದು ತುದಿ. ನಡುವೆ ಐದಾರು ಸಾಲು ಜೋಳ. ಬಟ್ಟೆಯನ್ನು ಸ್ವಲ್ಪ ಜೋಲು ಬಿಟ್ಟು, ಎಲೆಗಳ ಮೇಲೆ ಹರಿಯುವ ಹಾಗೆ ಹಿಡಿದುಕೊಂಡು ಹೆಜ್ಜೆ ಹಾಕಿದೆವು. ಬಟ್ಟೆ ತಗುಲಿದ ಎಲೆ ಬಾಗುತ್ತಿತ್ತು, ಅದರ ಮೈಮೇಲಿನ ಇಬ್ಬನಿ ಒಮ್ಮೆಲೇ ಒಂದಾಗಿ ಹರಿದು ಧೂಳನ್ನು ತೆಗೆದುಕೊಂಡು ಇಳಿಯುತ್ತಿತ್ತು, ಬಟ್ಟೆ ದಾಟಿದ ಮೇಲೆ ಎಲೆ ಎದ್ದು ನಿಲ್ಲುತ್ತಿತ್ತು. ಹಿಂದೆ ತಿರುಗಿ ನೋಡಿದೆ. ನಾವು ನಡೆದು ಬಂದ ಪಟ್ಟಿಯಷ್ಟೂ ಹಸಿರಾಗಿತ್ತು. ಆಚೆ ಈಚೆ ಬಿಳಿ. ಆ ಹೊಲದಲ್ಲಿ ಅಂಥ ಹಸಿರನ್ನು ನಾನು ಎಂದೂ ನೋಡಿರಲಿಲ್ಲ. ಸಾಲಿನ ಕೊನೆಯಲ್ಲಿ ಧೋತರ ಹಿಂಡಿದಾಗ ಹಾಲಿನಂಥ ನೀರು ಸುರಿಯಿತು.

"ನೋಡು, ಹೊಲ ಕರೀಲಿಕತ್ತದ," ಎಂದು ದಾನಮ್ಮ ನಕ್ಕಳು. ಹಾಲು ಕರೆಯುವುದನ್ನು ಅವಳು ಹೇಳಿದ್ದು.

ಮೂರು ಮುಂಜಾವು ಹಾಗೆ ಒರೆಸಿದೆವು. ದಿನವೂ ಒರೆಸಿದಷ್ಟಕ್ಕೆ, ಎಲೆಯ ನೀರು ಆರಿದ ಕೂಡಲೇ, ಲಾರಿಗಳು ಹೆಚ್ಚುವ ಮೊದಲು, ಅವಳು ಎರಡನೆಯ ಬಾಟಲಿಯನ್ನು ಪಂಪಿಗೆ ಹಾಕಿ ಹೊಡೆದಳು. ನಾನು ಓಡಿಹೋಗಿ ಶಾಲೆಯ ಪ್ರಾರ್ಥನೆಗೆ ನಿಲ್ಲುತ್ತಿದ್ದೆ, ಸೀರೆಯ ಅಂಚು ಒದ್ದೆ.

ಒಂದು ಕೆಲಸವನ್ನು ಅವಳು ನನ್ನನ್ನು ಕೇಳದೆ ಮಾಡಿದ್ದಳು. ಹೊಲದ ನಡುವೆ ನಾಲ್ಕು ಸಾಲನ್ನು ಒರೆಸಿದ್ದಳು, ಆದರೆ ಔಷಧ, ಎಂದರೆ ಬಾಟಲಿಯ ಗೊಬ್ಬರ, ಹೊಡೆದಿರಲಿಲ್ಲ. ಅದರ ಪಕ್ಕದ ನಾಲ್ಕು ಸಾಲಿಗೆ ಔಷಧ ಹೊಡೆದಿದ್ದಳು, ಒರೆಸಿರಲಿಲ್ಲ. ಇನ್ನೂ ನಾಲ್ಕು ಸಾಲಿಗೆ ಎರಡೂ ಇಲ್ಲ. ಕೋಲು ನೆಟ್ಟು ಚಿಂದಿ ಕಟ್ಟಿದ್ದಳು. ಯಾಕೆ ಎಂದು ಕೇಳಿದೆ.

"ಸಾರಿಗಿ ಉಪ್ಪು ಹುಳಿ ಎರಡೂ ಒಮ್ಮೆ ಹಾಕಿದ್ರ ರುಚಿ ಯಾವದರಿಂದ ಬಂತು ಅಂತ ಹ್ಯಾಂಗ ತಿಳೀತದ?"

ಪ್ರಯೋಗ ಎಂದರೇನು ಎಂದು ನಾನು ಪ್ರತಿ ಜೂನ್ ತಿಂಗಳಲ್ಲೂ ಎಂಟನೆಯ ತರಗತಿಗೆ ನಲವತ್ತು ನಿಮಿಷ ಹೇಳುತ್ತೇನೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಹತ್ತನೆಯ ದಿನಕ್ಕೆ ಕಣ್ಣಿಗೆ ಕಾಣುವಂಥದ್ದು ಆಯಿತು. ಧೂಳು ಮತ್ತೆ ಬಿದ್ದಿತ್ತು, ಆದರೆ ಕೆಳಗಿನ ಬಣ್ಣ ಬೇರೆಯಾಗಿತ್ತು. ಎರಡೂ ಸಿಕ್ಕ ಸಾಲುಗಳು ಕಡುಹಸಿರಾಗಿ, ಎಲೆ ಅಗಲವಾಗಿ, ಕಾಂಡ ಹೆಬ್ಬೆರಳಿನ ದಪ್ಪಕ್ಕೆ ತಿರುಗಿದ್ದವು. ಏನೂ ಸಿಗದ ನಾಲ್ಕು ಸಾಲು ಸೊಂಟದೆತ್ತರದಲ್ಲೇ ನಿಂತುಬಿಟ್ಟಿದ್ದವು. ಬರೀ ಔಷಧದ ಸಾಲುಗಳಿಗೂ ಅವಕ್ಕೂ ವ್ಯತ್ಯಾಸ ಹುಡುಕಬೇಕಾಗಿತ್ತು. ನಮ್ಮಿಬ್ಬರನ್ನೂ ತಡೆದು ನಿಲ್ಲಿಸಿದ್ದು ಬರೀ ಒರೆಸಿದ ನಾಲ್ಕು ಸಾಲು. ಅವೂ ಎದ್ದಿದ್ದವು. ಎರಡೂ ಸಿಕ್ಕವುಗಳಷ್ಟು ಅಲ್ಲ, ಆದರೆ ಅರ್ಧದಾರಿ ಬಂದಿದ್ದವು. ಬೆಳಕು ಬಿದ್ದದ್ದಕ್ಕೇ, ಉಸಿರು ಸಿಕ್ಕಿದ್ದಕ್ಕೇ.

ಕಣ್ಣಿಗೆ ಕಾಣದ ಗೊಬ್ಬರದ ಒಂದು ಗುಟುಕು ಎರಡು ಎಕರೆಯ ಬಣ್ಣ ಬದಲಿಸುವುದು ಒಂದು ಅಚ್ಚರಿ. ಒಂದು ಹಳೆಯ ಧೋತರ, ಒಂದು ಮುಂಜಾವಿನ ಇಬ್ಬನಿ ಅದರ ಅರ್ಧ ಕೆಲಸ ಮಾಡುವುದು ಅದಕ್ಕಿಂತ ಕಡಿಮೆಯ ಅಚ್ಚರಿಯಲ್ಲ. ಆ ದಿನ ಹೊಲದ ನಡುವೆ ನಿಂತು ಯಾವುದಕ್ಕೆ ಕೈಮುಗಿಯಬೇಕೆಂದು ನನಗೆ ತಿಳಿಯಲಿಲ್ಲ. ದಾನಮ್ಮ ಮಾತ್ರ ಒಂದೊಂದೇ ಎಲೆಯನ್ನು ಬೆರಳಿನಲ್ಲಿ ಹಿಡಿದು ನೋಡುತ್ತಾ ಹೋದಳು, ಎಷ್ಟೋ ದಿನದ ಮೇಲೆ ಮನೆಗೆ ಬಂದವರ ಮುಖ ನೋಡುವ ಹಾಗೆ.

ಜನವರಿಯಲ್ಲಿ ಕಾಳು ಹಾಲು ತುಂಬಿ ಬಲಿಯತೊಡಗಿತು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ಕಾಳು ತಿನ್ನುವ ಸೀತನಿಯ ಕಾಲ. ರೇವಣಸಿದ್ದಯ್ಯನವರು ತಮ್ಮ ಒಳಹೊಲದ ನಾಲ್ಕು ತೆನೆ ಹಿಡಿದುಕೊಂಡೇ ಸುಣ್ಣದ ಹೊಲಕ್ಕೆ ಬಂದರು. ಪರೀಕ್ಷೆ ಅದೇ ಎಂದು ಎಲ್ಲರಿಗೂ ಗೊತ್ತಿತ್ತು. ನೀಲಾಬಾಯಿಯೂ ಚಟ್ನಿಪುಡಿಯ ಡಬ್ಬಿ ಹಿಡಿದು ಬಂದಿದ್ದಳು, ಇಂಥದ್ದನ್ನು ಬಿಡುವವಳಲ್ಲ.

ಅವರು ಬದುವಿನ ಮೇಲೆ ಒಂದು ಸುತ್ತು ಹಾಕಿದರು. ತಮ್ಮ ತೆನೆಯನ್ನು ಇಲ್ಲಿಯ ತೆನೆಯ ಪಕ್ಕ ಹಿಡಿದು ನೋಡಿದರು, ಅಂಗೈಯಲ್ಲಿ ತೂಗಿದರು. ಆಮೇಲೆ ಕೆಂಡದ ಮುಂದೆ ಕುಳಿತು ಎರಡೂ ಹೊಲದ ಕಾಳು ತಿಂದರು.

"ಭಾರಿ ಅದ ನಿನ್ನ ಬಾಟ್ಲಿ, ದಾನವ್ವಾ," ಎಂದರು ಕೊನೆಗೆ. "ನನ್ನ ತೆನಿಗಿ ಎಲ್ಲೂ ಕಮ್ಮಿ ಇಲ್ಲ. ಬರೋ ವರ್ಷ ನಾನೂ ಹೊಡೀತೀನಿ."

ಅಲ್ಲಿಗೆ ಸುಮ್ಮನಿದ್ದರೆ ಹೊಲ ಉಳಿಯುತ್ತಿತ್ತು. ದಾನಮ್ಮ ಎದ್ದು ನಿಂತಳು.

"ಬರ್ರಿ ಭಾವೋರ, ಒಂದು ತೋರಸತೀನಿ."

ನಾನು ಅವಳ ಸೆರಗು ಜಗ್ಗಿದೆ. ಬಿಡಿಸಿಕೊಂಡು ಹೋದಳು. ಚಿಂದಿ ಕಟ್ಟಿದ ಕೋಲುಗಳ ಬಳಿ ಅವರನ್ನು ನಿಲ್ಲಿಸಿ, ಇವು ಎರಡೂ ಸಿಕ್ಕವು, ಇವು ಬರೀ ಒರೆಸಿದವು, ಇವು ಬರೀ ಔಷಧದವು, ಇವು ಏನೂ ಇಲ್ಲದವು ಎಂದು ಒಂದೊಂದಾಗಿ ತೋರಿಸಿದಳು.

"ಬಾಟ್ಲಿ ಒಂದೇ ಮಾಡಿಲ್ಲರಿ. ಒರಸಲಾರದ ಹೊಡದ್ರ ಅದು ದಂಡ. ನೀವು ಸುಮ್ಮ ಬಾಟ್ಲಿ ನಂಬಿ ಮೋಸ ಹೋಗಬ್ಯಾಡ್ರಿ."

ರೇವಣಸಿದ್ದಯ್ಯನವರು ಬರೀ ಒರೆಸಿದ ನಾಲ್ಕು ಸಾಲನ್ನು ನೋಡಿದರು. "ಅಂದ್ರ ಅರ್ಧಾ ಕೆಲಸ ನನ್ನ ಧೋತರದ್ದು," ಎಂದರು. "ನಾ ಎಲ್ಲಿ ಹೋತು ಅಂತ ಹುಡುಕಲಿಕತ್ತಿದ್ದೆ."

ನೀಲಾಬಾಯಿ ನಗು ತಡೆಯಲಾರದೆ ಕೆಮ್ಮಿದಳು. ಅವರು ನಗಲಿಲ್ಲ.

"ಧೂಳು ನಿಂದರಂಗಿಲ್ಲ ದಾನವ್ವಾ. ಖಣಿ ಇನ್ನಾ ಬೆಳೀತದ. ವರ್ಷಾ ವರ್ಷಾ ಒರಸಲಿಕ್ಕ ಆಗತದೇನು? ನಿನಗ ವಯಸ್ಸಾಗಲಿಕತ್ತದ."

"ದಿನಾ ಮನಿ ಕಸ ಹೊಡೀತೀವ್ರಿ. ನಾಳಿ ಮತ್ತ ಬೀಳತದ ಅಂತ ಬಿಡತೀವೇನು?"

ಅವರು ಹೆಗಲ ಮೇಲಿನ ವಸ್ತ್ರ ಝಾಡಿಸಿಕೊಂಡು ರಸ್ತೆಯ ಕಡೆ ನಡೆದರು. ಬದು ದಾಟುವಾಗ ತಿರುಗಿ, "ಈ ಯುಗಾದಿಗಿ ಬ್ಯಾಡ. ಮುಂದಿನದಕ್ಕ ನೋಡೋಣ," ಎಂದರು.

ಉಳಿದದ್ದು ಹೊಲವಲ್ಲ, ಒಂದು ವರ್ಷ. ಯಾಕೆ ಬಾಯಿಬಿಟ್ಟೆ ಎಂದು ನಾನು ಬೈದೆ. "ಅವರು ನಾಳಿ ಧೂಳಿನ ಎಲಿಗಿ ಹೊಡದು, ಏನೂ ಆಗಲಿಲ್ಲಂದ್ರ ಯಾರಿಗಿ ಕೇಳತಾರ?" ಎಂದಳು. ಬಾಯಿಗೆ ಸೀತನಿ ಹಾಕಿಕೊಂಡಳು. ಇನ್ನೊಂದು ಮುಷ್ಟಿ ನನಗೆ ಕೊಟ್ಟಳು.

ಆ ಬೇಸಿಗೆಯೆಲ್ಲ ಅವಳ ತಲೆಯಲ್ಲಿ ಇದೇ ಇತ್ತು. ಧೋತರದ ಬದಲು ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿದರೆ ಒಬ್ಬರೇ ಒರೆಸಬಹುದೇ? ಸತುವನ್ನೂ ಹೀಗೆ ನ್ಯಾನೊ ಮಾಡಿ ಎಲೆಗೆ ಕೊಟ್ಟರೆ ಕಾಳಿನೊಳಗೇ ಸೇರುತ್ತದೆಯೇ, ತಿಂದವರಿಗೆ ಶಕ್ತಿ ಬರುತ್ತದೆಯೇ? ಇಂಥದ್ದನ್ನು ಎಲ್ಲೋ ಪತ್ರಿಕೆಯಲ್ಲಿ ಓದಿ ನನಗೆ ತಂದು ತೋರಿಸುತ್ತಿದ್ದಳು. ಸಂಶೋಧನೆ ನಡೆಯುತ್ತಿದೆ, ಗೋಧಿಯಲ್ಲಿ, ಭತ್ತದಲ್ಲಿ ನೋಡುತ್ತಿದ್ದಾರೆ ಎನ್ನುತ್ತಿದ್ದೆ. "ಜ್ವಾಳಕ್ಕ ಯಾವಾಗ ನೋಡತಾರ? ನಾವೇ ನೋಡೋಣ," ಎನ್ನುತ್ತಿದ್ದಳು. ಹೊಸ ಹಿಂಗಾರಿಗೆ ಯಾವ ಸಾಲಿಗೆ ಏನೆಂದು ಗುರುತು ಹಾಕಿಟ್ಟಿದ್ದಳು.

ಭಾದ್ರಪದದ ಎರಡನೆಯ ವಾರ, ಹಿಟ್ಟು ನಾದುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳಂತೆ. ಕಲಬುರಗಿಗೆ ಕರೆದುಕೊಂಡು ಹೊರಟೆವು. ಗಾಡಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿತ್ತು. ಶಹಾಬಾದ್ ಕ್ರಾಸ್ ದಾಟುವ ಮೊದಲೇ ಹೋದಳು. ಗಾಡಿ ಅಲ್ಲಿಂದಲೇ ತಿರುಗಿತು. ದೂರದಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ಕಾಣುತ್ತಿದ್ದವು. ಅದನ್ನು ಇಷ್ಟೇ ಬರೆಯಬಲ್ಲೆ.

ಅವರ ಮನೆತನದವರ ಸಮಾಧಿಗಳೆಲ್ಲ ಊರ ಮಠದ ಹಿಂದಿನ ರುದ್ರಭೂಮಿಯಲ್ಲಿವೆ. ಆಕೆಯ ಗಂಡನದೂ ಅಲ್ಲಿಯೇ. ಕುಣಿ ತೆಗೆಯುವವರು ಗುದ್ದಲಿ ಹಿಡಿದು ಆ ಕಡೆ ಹೊರಟಿದ್ದರು. ಅಂಗಳದಲ್ಲಿ ಊರಿನ ಹಿರಿಯರಿದ್ದರು. ಕಟ್ಟೆಯ ಕೊನೆಯಲ್ಲಿ ಖಣಿಯವರ ಮನುಷ್ಯನೂ ಸಾವಿನ ಮನೆಯವರನ್ನು ಮಾತನಾಡಿಸಲು ಬಂದು ಕುಳಿತಿದ್ದ. ರೇವಣಸಿದ್ದಯ್ಯನವರು ಕಂಬಕ್ಕೆ ಒರಗಿ ನಿಂತಿದ್ದವರು ಕೂಗಿ ಹೇಳಿದರು:

"ಅಲ್ಲಿ ಬ್ಯಾಡ. ಸುಣ್ಣದ ಹೊಲದಾಗ ತೆಗೀರಿ."

ಗುದ್ದಲಿ ಹಿಡಿದವರು ತಿರುಗಿ ನಿಂತರು. ಸಮಾಧಿಯಿರುವ ಹೊಲಕ್ಕೆ ನಮ್ಮಲ್ಲಿ ಯಾರೂ ಖಣಿ ಹಾಕುವುದಿಲ್ಲ. ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಅಯ್ಯನೋರ, ಅಲ್ಲಿ ನಾಕ ಅಡಿಗಿ ಫರಸಿ ಹತ್ತತದ," ಎಂದರು ಹಿರಿಯರೊಬ್ಬರು.

"ಹತ್ತಲಿ. ಖಾಜಾಮಿಯಾಗ ಕರೀರಿ."

ಖಾಜಾಮಿಯಾ ಅದೇ ಖಣಿಯಲ್ಲಿ ಕಲ್ಲು ಎಬ್ಬಿಸುವವನು. ಪದರಿಗೆ ಪೆಟ್ಟಾಗದಂತೆ ಫರಸಿ ಬಿಡಿಸುವುದರಲ್ಲಿ ಅವನದು ಎತ್ತಿದ ಕೈ. ಹಾರೆ, ಸುತ್ತಿಗೆ ಹೊತ್ತು ಬಂದ. ಹೇಳಿದ ಹಾಗೆಯೇ ಎರೆಮಣ್ಣು ನಾಲ್ಕಡಿಗೆ ಮುಗಿಯಿತು. ಕೆಳಗೆ ಕಲ್ಲು. ಅವನು ಕುಣಿಯೊಳಗೆ ಇಳಿದು, ಮೊಣಕಾಲೂರಿ, ಅಂಗೈಯಿಂದ ಮಣ್ಣು ಸರಿಸಿದ. ಮಳೆ ನಿಂತ ಮೇಲಿನ ಬಿಸಿಲಿಗೆ ಅದು ನೀಲಿಯಾಗಿ, ನೀರಿನ ಹಾಗೆ ಸಮನಾಗಿ ಕಂಡಿತು. ಪದರಿನ ಮೇಲೆ ಪದರು, ಹೊತ್ತಿಗೆಯ ಹಾಳೆಗಳಂತೆ. ಕೋಟ್ಯಂತರ ವರ್ಷದ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕಣ ಕಣವಾಗಿ ಇಳಿದು ಕುಳಿತ ಸುಣ್ಣ ಅದು ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ.

ಒಂದೊಂದೇ ಪದರು ಬಿಡಿಸಿ ಮೇಲೆ ಕೊಟ್ಟ. ಒಂದೂ ಒಡೆಯಲಿಲ್ಲ. ದಾನಮ್ಮನನ್ನು ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿದರು. ರೇವಣಸಿದ್ದಯ್ಯನವರು ಮೊದಲ ಹಿಡಿ ಮಣ್ಣು ಹಿಡಿದು ನಿಂತಿದ್ದರು. ಖಾಜಾಮಿಯಾ ಮೇಲೆ ಹತ್ತಿ ಬಂದು, ಕೈ ಒರೆಸಿಕೊಳ್ಳುತ್ತಾ, ಅಭ್ಯಾಸದಿಂದಲೋ ಏನೋ, ತಡೆಯಲಾರದೆ ಅಂದ:

"ಮಾಲ್ ಭಾರಿ ಅದರಿ ಅಯ್ಯನೋರ. ಇಂಥಾದ್ದು ನಮ್ಮ ಖಣ್ಯಾಗೂ ಇಲ್ಲ."

"ಇರಲಿ," ಎಂದರು ರೇವಣಸಿದ್ದಯ್ಯನವರು. "ಮುಚ್ಚರಿ."